ರೂಪಕಕ್ಕೆ ಇಕ್ಕಿದ ಸೊನ್ನೆ

ಹೈಸ್ಕೂಲಿನಲ್ಲಿ ಇಂಗ್ಲೀಷು ಕಲಿಸಿ ಮುದುಕನಾದವನಿಗೆ ನಿವೃತ್ತಿಯೆಂಬುದು ಹೆಸರಿಗೆ ಮಾತ್ರ. ಮೊನ್ನೆ ಜಡಿಮಳೆಯ ಒಂದು ಸಂಜೆ, ಒಂಬತ್ತನೆಯ ತರಗತಿಯಲ್ಲಿ ಓದುವ ನನ್ನ ತಂಗಿಯ ಮೊಮ್ಮಗಳು ಒಂದು ಪಟ್ಟಿಯನ್ನು ತಂದು ನನ್ನ ಮುಂದಿಟ್ಟಳು. ಸಿಮಿಲಿ, ಮೆಟಫರ್, ಪರ್ಸಾನಿಫಿಕೇಶನ್, ಹೈಪರ್ಬೊಲಿ, ಅಲಿಟರೇಶನ್, ಐರನಿ — ಹೀಗೆ ಇಪ್ಪತ್ತು ಹೆಸರುಗಳು. ಒಂದೊಂದರ ಮುಂದೆ ಒಂದು ಲಕ್ಷಣ, ಒಂದು ಉದಾಹರಣೆ.

“ಅಜ್ಜ, ನಾಳೆಗೆ ಇದೆಲ್ಲ ಬಾಯಿಪಾಠ ಬರಬೇಕು. ಒಂದೊಂದಕ್ಕೆ ಒಂದೊಂದು ಕನ್ನಡದ ಹೆಸರು ಹೇಳಿಕೊಡಿ, ನೆನಪು ಉಳಿದೀತು” ಎಂದಳು.

ಸುಲಭದ ಕೆಲಸವೆಂದು ತೊಡಗಿದೆನು. ಸಿಮಿಲಿಯೆಂದರೆ ಉಪಮೆ. “ಕೆಸುವಿನ ಎಲೆಯ ಮೇಲಿನ ನೀರಿನಂತೆ ಅವನ ಮಾತು ನಿಲ್ಲದು” ಎಂದರೆ ಮಾತು ಉಪಮೇಯ, ನೀರು ಉಪಮಾನ, ನಿಲ್ಲದಿರುವಿಕೆ ಸಮಾನಧರ್ಮ, ‘ಅಂತೆ’ ಎಂಬುದು ವಾಚಕ. ಇಂಗ್ಲೀಷಿನ ಶಾಲಾಪುಸ್ತಕವು ‘ಲೈಕ್’, ‘ಆ್ಯಸ್’ ಎಂಬ ಎರಡು ಮಾತುಗಳನ್ನು ಹುಡುಕೆಂದು ಹೇಳಿ ಸುಮ್ಮನಾಗುತ್ತದೆ; ನಮ್ಮ ಲಾಕ್ಷಣಿಕರು ನಾಲ್ಕು ಅಂಗಗಳನ್ನೂ ಬಿಡಿಸಿಟ್ಟರು. ಹುಡುಗಿಗೆ ಸಂತೋಷವಾಯಿತು, ನನಗೂ ಕೊಂಚ ಹೆಮ್ಮೆಯಾಯಿತು.

ಆದರೆ ಹೈಪರ್ಬೊಲಿಗೆ ಅತಿಶಯೋಕ್ತಿಯೆಂದು ಬರೆಯಿಸುವಾಗ ನನ್ನ ನಾಲಗೆ ತಡೆಯಿತು. ಲೋಕದ ಮೇರೆಯನ್ನು ದಾಟಿದ ಮಾತೇ ಅತಿಶಯೋಕ್ತಿಯೆಂದು ದಂಡಿಯ ಮತ. ಅಲ್ಲಿಗೆ ಎರಡೂ ಒಂದೇ. ಮಮ್ಮಟನೇ ಮೊದಲಾದವರ ಗ್ರಂಥಗಳಲ್ಲಿಯಾದರೋ ಉಪಮಾನವು ಉಪಮೇಯವನ್ನು ನುಂಗಿಬಿಡುವುದೂ ಅತಿಶಯೋಕ್ತಿಯ ಒಂದು ಭೇದ. ಮದುವಣಗಿತ್ತಿಯ ಹೆಸರೆತ್ತದೆ “ಚಂದ್ರನು ನಮ್ಮ ಅಂಗಳಕ್ಕೆ ಇಳಿದನು” ಎಂದರೆ ಇಂಗ್ಲೀಷಿನವನು ಅದನ್ನು ಮೆಟಫರ್ ಎನ್ನುವನು, ನಮ್ಮವನು ರೂಪಕವೆನ್ನಲಾರನು. ಅಲಿಟರೇಶನ್ನಿಗೆ ಅನುಪ್ರಾಸವು ಹತ್ತಿರದ ನೆಂಟ. ಆದರೆ ಪ್ರತಿ ಪಾದದ ಎರಡನೆಯ ಅಕ್ಷರವನ್ನು ಒಂದೇ ಆಗಿಸುವ ನಮ್ಮ ಆದಿಪ್ರಾಸಕ್ಕೆ ಆ ಪಟ್ಟಿಯಲ್ಲಿ ಹೆಸರೇ ಇಲ್ಲ. ಅದೋ, ನಮ್ಮ ಜಿಲ್ಲೆಯಲ್ಲಿ ಒಂದು ಕಾಲಕ್ಕೆ ಜಗಳಕ್ಕೆ ಕಾರಣವಾದ ವಸ್ತು. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಆ ಪ್ರಾಸವನ್ನು ಬಿಟ್ಟು ಕವಿತೆ ರಚಿಸಿದಾಗ ಪಂಡಿತರು ಹುಬ್ಬು ಗಂಟಿಕ್ಕಿದರು. ಒಂದು ಹೆಸರಿಗಾಗಿ ಇನ್ನೊಂದು ಹೆಸರನ್ನು ಕೊಡುವುದು ಅಂಗಡಿಯ ಲೆಕ್ಕದಷ್ಟು ನೇರವಾದುದಲ್ಲವೆಂದು ಅಂದು ಸಂಜೆ ಮತ್ತೊಮ್ಮೆ ಮನಗಂಡೆನು.

‘ಮತ್ತೊಮ್ಮೆ’ ಎಂದೆನಷ್ಟೆ. ಮೊದಲ ಸಲದ ಪಾಠಕ್ಕೆ ಬೆಲೆ ತೆತ್ತವನು ನಾನಲ್ಲ, ಬೇರೊಬ್ಬನು.

ಕಡಬವು ಇನ್ನೂ ಪುತ್ತೂರು ತಾಲೂಕಿಗೆ ಸೇರಿದ್ದ ದಿನಗಳವು. ನಾನು ಕೆಲಸಕ್ಕೆ ಸೇರಿ ಐದಾರು ವರ್ಷಗಳಾಗಿದ್ದುವು. ಕೆಂಪು ಮಸಿಯ ಮೇಲೆ ಅಪಾರವಾದ ನಂಬಿಕೆ. ತರಗತಿಯ ಮಕ್ಕಳ ಮನೆಮಾತು ತುಳು, ಕೆಲವರದು ಮಲೆಯಾಳ, ಕೆಲವರದು ಅರೆಭಾಷೆ. ಕನ್ನಡವೇ ಅವರಿಗೆ ಶಾಲೆಯ ಭಾಷೆ. ಅದರ ಮೇಲೆ ಇಂಗ್ಲೀಷು. ಪರೀಕ್ಷೆಯಲ್ಲಿ ಮೆಟಫರಿಗೆ ಒಂದು ಉದಾಹರಣೆ ಕೊಡಿರೆಂದು ಕೇಳಿದ್ದೆನು. ನಾನು ಬರೆಯಿಸಿದ್ದ ವಾಕ್ಯವನ್ನೇ ಎಲ್ಲರೂ ಇಳಿಸಿದ್ದರು. ಒಬ್ಬ ಹುಡುಗನು ಮಾತ್ರ ಹರಕು ಇಂಗ್ಲೀಷಿನಲ್ಲಿ ಬೇರೊಂದನ್ನು ಬರೆದಿದ್ದನು. ಅದರ ತಾತ್ಪರ್ಯವಿಷ್ಟೆ: ಆಟಿ ತಿಂಗಳಲ್ಲಿ ಕುಮಾರಧಾರೆ ಅತ್ತೆ, ಸುಗ್ಗಿಯಲ್ಲಿ ಸೊಸೆ.

ಪುಷ್ಪಗಿರಿಯ ಕಡೆಯಿಂದ ಇಳಿದು, ಸುಬ್ರಹ್ಮಣ್ಯವನ್ನು ಹಾದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುವ ಆ ಹೊಳೆಯನ್ನು ಎರಡು ಕಾಲಗಳಲ್ಲಿಯೂ ಕಂಡವರಿಗೆ ಆ ಮಾತಿಗೆ ವ್ಯಾಖ್ಯಾನ ಬೇಡ. ನಾನೂ ಕಂಡವನೇ. ಆದರೆ ವಾಕ್ಯದಲ್ಲಿ ಎರಡು ವ್ಯಾಕರಣದೋಷಗಳಿದ್ದುವು. ಅದು ನನ್ನ ಟಿಪ್ಪಣಿಯಲ್ಲಿ ಇರಲಿಲ್ಲ. ಅಡ್ಡಗೆರೆ ಎಳೆದು ಸೊನ್ನೆಯಿಕ್ಕಿದೆನು. ಪಕ್ಕದಲ್ಲಿ ‘ತಪ್ಪು’ ಎಂದೂ ಬರೆದೆನು.

ಹುಡುಗನು ಏನೂ ಕೇಳಲಿಲ್ಲ. ಮುಂದಿನ ಪರೀಕ್ಷೆಯಲ್ಲಿ ನನ್ನ ವಾಕ್ಯವನ್ನೇ ಅಕ್ಷರ ತಪ್ಪದೆ ಬರೆದು ಪೂರ್ಣಾಂಕ ಪಡೆದನು. ಹತ್ತನೆಯದಾದ ಮೇಲೆ ಓದು ನಿಲ್ಲಿಸಿದನು. ಅದಕ್ಕೆ ನನ್ನ ಸೊನ್ನೆಯೇ ಕಾರಣವೆಂದು ಹೇಳಿಕೊಂಡರೆ ಅದೂ ಒಂದು ಬಗೆಯ ಅಹಂಕಾರವಾದೀತು. ಮನೆಯಲ್ಲಿ ಬಡತನವಿದ್ದಿತು, ತಂದೆಗೆ ಆರೋಗ್ಯವಿರಲಿಲ್ಲ.

ಮೆಟಫರ್ ಎಂಬ ಗ್ರೀಕು ಮೂಲದ ಮಾತಿಗೆ ಒಂದೆಡೆಯಿಂದ ಇನ್ನೊಂದೆಡೆಗೆ ಹೊತ್ತೊಯ್ಯುವುದೆಂದು ಅರ್ಥ. ಕಾವ್ಯದ ಸಾಮಗ್ರಿಗಳಲ್ಲೆಲ್ಲ ಇದೊಂದನ್ನು ಮಾತ್ರ ಇನ್ನೊಬ್ಬರಿಂದ ಕಲಿಯಲು ಬಾರದು, ಬೇರೆ ಬೇರೆ ವಸ್ತುಗಳಲ್ಲಿ ಸಾಮ್ಯವನ್ನು ಕಾಣುವ ಕಣ್ಣು ಹುಟ್ಟಿನಿಂದ ಬರಬೇಕು ಎಂದು ಅರಿಸ್ಟಾಟಲನು ತನ್ನ ಕಾವ್ಯಮೀಮಾಂಸೆಯಲ್ಲಿ ಹೇಳಿದ್ದಾನೆ. ಕಲಿಸಲು ಬಾರದುದನ್ನು ಹುಡುಗನು ತಾನಾಗಿಯೇ ತಂದು ಮುಂದಿಟ್ಟಾಗ, ಕಲಿಸುವ ಸಂಬಳ ಪಡೆಯುತ್ತಿದ್ದ ನಾನು ಅದನ್ನು ಹೊಡೆದುಹಾಕಿದೆನು. ಇದು ಹೊಳೆಯಲು ನನಗೆ ಹಲವು ವರ್ಷಗಳು ಹಿಡಿದುವು.

ಹೊಳೆದ ಬಳಿಕ ಮನಸ್ಸಿಗೆ ಸಮಾಧಾನವಿಲ್ಲ. ಕೊನೆಗೆ, ಕೆಲಸದಿಂದ ಬಿಡುಗಡೆಯಾದ ವರ್ಷ, ಒಂದು ಮಧ್ಯಾಹ್ನ ಅವನ ಮನೆಯನ್ನು ಹುಡುಕಿಕೊಂಡು ಹೋದೆನು. ಅಂಗಳದ ತುಂಬ ಅಡಿಕೆ ಹರವಿತ್ತು. ತಲೆ ನರೆಯತೊಡಗಿದ ಆ ಹುಡುಗನು ಎದ್ದು ನಿಂತು, ಬೆಲ್ಲ ನೀರು ಕೊಟ್ಟು ಉಪಚರಿಸಿದನು. ನಾನು ತೊದಲುತ್ತ ಆ ವಾಕ್ಯದ ಸುದ್ದಿ ತೆಗೆದೆನು. ಮರೆತಿರುವನೆಂದು ನನ್ನ ಎಣಿಕೆಯಾಗಿತ್ತು. ಒಳಗೊಳಗೆ ಹಾಗೆಂದು ಆಸೆಯೂ ಇದ್ದಿತು.

“ನೆನಪಿಲ್ಲದೆ ಏನು ಮಾಷ್ಟ್ರೆ? ಅದು ನಾನು ಕಟ್ಟಿದ ಮಾತಲ್ಲ. ನಮ್ಮ ಅಜ್ಜಿ ಹೇಳುತ್ತಿದ್ದುದು. ತಪ್ಪು ಎಂದು ತಾವು ಬರೆದಿದ್ದಿರಲ್ಲ, ಕಾಗದವನ್ನು ಅಜ್ಜಿಗೆ ತೋರಿಸಿ ನಾನೇ ನಕ್ಕಿದ್ದೆ — ‘ನಿಮ್ಮ ಮಾತು ಶಾಲೆಯಲ್ಲಿ ನಡೆಯುವುದಿಲ್ಲ’ ಎಂದು.”

“ಅಜ್ಜಿ ಏನೆಂದರು?”

“ಏನೂ ಹೇಳಲಿಲ್ಲ. ಆಮೇಲೆ ಅಂಥ ಮಾತು ನನ್ನ ಮುಂದೆ ಆಡುತ್ತಿದ್ದುದು ಕಡಿಮೆಯಾಯಿತು.”

ಅವನ ದನಿಯಲ್ಲಿ ದೂರಿರಲಿಲ್ಲ. ಇದ್ದಿದ್ದರೆ ನನ್ನ ಹೊರೆ ಹಗುರವಾಗುತ್ತಿತ್ತು. ನಾನು ಸೊನ್ನೆಯಿಕ್ಕಿದುದು ಒಬ್ಬನಿಗೆಂದು ತಿಳಿದಿದ್ದೆನು. ಅಕ್ಷರವನ್ನೇ ಅರಿಯದ ಒಬ್ಬ ಮುದುಕಿಯ ಬಾಯಿಗೂ ನನ್ನ ಕೆಂಪು ಮಸಿ ಮುಟ್ಟಿತ್ತು.

ಆ ದಿನ ಮನೆಗೆ ಬಂದು ಕವಿರಾಜಮಾರ್ಗವನ್ನು ತೆಗೆದೆನು. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಈ ಗ್ರಂಥವೇ ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಮೊದಲನೆಯದು. ಅದರ ಮೂರು ಪರಿಚ್ಛೇದಗಳೂ ಕಾವ್ಯದ ದೋಷ, ಶಬ್ದಾಲಂಕಾರ, ಅರ್ಥಾಲಂಕಾರಗಳಿಗೆ ಮೀಸಲು. ಎಂದರೆ ಅದೂ ಒಂದು ಪಟ್ಟಿಯೇ. ನಮ್ಮ ಹುಡುಗಿಯ ಪಟ್ಟಿಗೆ ಪೂರ್ವಜನೆನ್ನಬಹುದು. ಆದರೆ ಅಲಂಕಾರಗಳ ಹೆಸರು ಹೇಳುವುದಕ್ಕೆ ಮೊದಲೇ ಗ್ರಂಥಕಾರನು ಕಾವೇರಿಯಿಂದ ಗೋದಾವರಿಯವರೆಗಿನ ನಾಡಿನ ಜನರನ್ನು ನೆನೆಯುತ್ತಾನೆ. ಓದಿನ ಅಭ್ಯಾಸವಿಲ್ಲದೆಯೂ ಇವರು ಕಾವ್ಯಪ್ರಯೋಗದಲ್ಲಿ ನಿಪುಣರೆಂದು ಕೊಂಡಾಡುತ್ತಾನೆ. ಲಕ್ಷಣವನ್ನು ಬರೆಯಹೊರಟ ಪಂಡಿತನೇ, ಲಕ್ಷಣವನ್ನರಿಯದವರ ಮಾತಿಗೆ ಮೊದಲು ತಲೆಬಾಗಿದನು. ಆ ಭಾಗವನ್ನು ನಾನು ಕಾಲೇಜಿನಲ್ಲಿ ಓದಿ ಅಂಕ ಗಳಿಸಿದವನು. ಅರ್ಥವಾದುದು ಅಡಿಕೆಯ ಅಂಗಳದಿಂದ ಹಿಂದಿರುಗಿದ ಮೇಲೆ.

ಹೆಸರುಗಳು ಬೇಡವೆಂದು ನಾನು ಹೇಳುತ್ತಿಲ್ಲ. ಹೆಸರಿಲ್ಲದ ವಸ್ತುವನ್ನು ಇನ್ನೊಬ್ಬರಿಗೆ ತೋರಿಸುವುದು ಕಷ್ಟ. ತಾಳಮದ್ದಳೆಯಲ್ಲಿ ಅರ್ಥಧಾರಿಯು ಹೊಗಳುವಂತೆ ನುಡಿದು ಎದುರಾಳಿಯನ್ನು ಹಳಿದಾಗ ಸಭೆಯೆಲ್ಲ ನಗುತ್ತದೆ. ಅದಕ್ಕೆ ವ್ಯಾಜಸ್ತುತಿಯೆಂಬ ಹೆಸರನ್ನು ತಿಳಿದವನು ನಗುವುದರ ಜೊತೆಗೆ ಏಕೆ ನಕ್ಕೆನೆಂದೂ ಬಲ್ಲನು. ಅದೂ ಒಂದು ಸುಖ. ಆದರೆ ನಗು ಮೊದಲು, ಹೆಸರು ಆಮೇಲೆ.

ಮಳೆ ಇನ್ನೂ ಸುರಿಯುತ್ತಿತ್ತು. ಪಟ್ಟಿಯನ್ನು ಮಡಚಿ ಮೊಮ್ಮಗಳ ಕೈಗೆ ಕೊಟ್ಟು, “ಇದನ್ನು ರಾತ್ರಿ ಬಾಯಿಪಾಠ ಮಾಡು, ಪರೀಕ್ಷೆಗೆ ಬೇಕು. ಈಗ ಒಳಗೆ ಹೋಗಿ, ಈ ಮಳೆ ಹೇಗಿದೆಯೆಂದು ನಿನ್ನ ಅಜ್ಜಿಯನ್ನು ಕೇಳಿ, ಅವಳು ಹೇಳಿದುದನ್ನು ಹೇಳಿದಂತೆಯೇ ಬರೆದುಕೊಂಡು ಬಾ” ಎಂದೆನು.

ಅವಳು ಹೋದಳು. ಒಳಗಿನಿಂದ ನನ್ನ ತಂಗಿಯ ಮಾತೂ, ಅದರ ಹಿಂದೆಯೇ ಇಬ್ಬರ ನಗುವೂ ಕೇಳಿಸಿದುವು. ಏನೆಂದಳೋ ಮಳೆಯ ಸದ್ದಿನಲ್ಲಿ ತಿಳಿಯಲಿಲ್ಲ. ಹುಡುಗಿ ಬರೆದು ತರುವವರೆಗೆ ಕಾದು ಕುಳಿತೆನು. ಕೈಯಲ್ಲಿ ಕೆಂಪು ಮಸಿಯ ಲೇಖನಿ ಇರಲಿಲ್ಲ.