ಬಕೆಟ್ಟಿಗೆ ಕಟ್ಟಿದ ಬಳ್ಳಿ

ಕಾಶಿಯಲ್ಲಿ ಕೆಲಸ ಅಂದರೆ ಸಾಗರದ ಕಡೆಯ ನಮ್ಮ ನೆಂಟರು ಫೋನಿನಲ್ಲೇ ಕೈಮುಗಿಯುತ್ತಾರೆ. ದಿನಾ ಗಂಗಾಸ್ನಾನ ಅಂತ ಅವರ ಲೆಕ್ಕ. ನನ್ನ ಸ್ನಾನ ಆಗುವುದು ಹನುಮಾನ್ ಘಾಟಿನ ಹಿಂದಿನ ಗಲ್ಲಿಯ ಬಾಡಿಗೆ ಮನೆಯಲ್ಲಿ, 4 ಅಡಿ ಉದ್ದ 3 ಅಡಿ ಅಗಲದ ಬಚ್ಚಲಿನಲ್ಲಿ. ಕಿಟಕಿ ಇಲ್ಲ. ಮೇಲೊಂದು ಗವಾಕ್ಷಿ, ಅದಕ್ಕೂ ಮಂಗಗಳ ಕಾಟಕ್ಕೆಂದು ಕಬ್ಬಿಣದ ಜಾಲರಿ. ಮೊಳೆ ಹೊಡೆಯುವ ಹಾಗಿಲ್ಲ, ಬಣ್ಣ ಬಳಿಯುವ ಹಾಗಿಲ್ಲ ಎಂಬುದು ಮಾಲೀಕರ ಷರತ್ತು. ಒಬ್ಬಳೇ ಇದ್ದಾಗ ಇದ್ಯಾವುದೂ ನನಗೆ ಲೆಕ್ಕಕ್ಕೇ ಇರಲಿಲ್ಲ. ನಾಲ್ಕು ಚೊಂಬು ಸುರಿದುಕೊಂಡು ಹೊರಗೆ ಬಂದರೆ ಮುಗಿಯಿತು.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಬಂದಳು. ಮಂಡಿನೋವು, ಘಾಟಿನ ಮೆಟ್ಟಿಲು ಇಳಿಯುವ ಮಾತೇ ಇಲ್ಲ. ಮೈಸೂರು ಸಂಸ್ಥಾನದವರು ಕಟ್ಟಿಸಿದ ಕರ್ನಾಟಕ ಘಾಟ್ ನಮ್ಮ ಪಕ್ಕದಲ್ಲೇ ಇದೆ. ಆದರೆ ಅದರಾಚೆ ಹರಿಶ್ಚಂದ್ರ ಘಾಟ್, ಹಗಲೂ ರಾತ್ರಿ ಚಿತೆ ಉರಿಯುವ ಜಾಗ. ಅಮ್ಮ ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಹಾಗಾಗಿ ಬಚ್ಚಲೇ ಗತಿ. ಆ ಬಚ್ಚಲಿಗೂ ಅವಳಿಗೆ ಹೆದರಿಕೆ. ಒಂದು ಕಣ್ಣಿಗೆ ಪೊರೆ ಬಂದಿದೆ. ನೆಲವೂ ಬೂದು, ಒಳಗೆ ಇಳಿಯುವ ಮೆಟ್ಟಿಲೂ ಬೂದು. ಯಾವುದು ಎಲ್ಲಿ ಮುಗಿಯಿತು ಅಂತ ಕಾಣದು. ಬಾಗಿಲು ಅರ್ಧ ತೆರೆದಿಟ್ಟು, ನನ್ನನ್ನು ಹೊರಗೆ ನಿಲ್ಲಿಸಿ, ಸೀರೆ ಉಟ್ಟುಕೊಂಡೇ ನೀರು ಹಾಕಿಕೊಳ್ಳುತ್ತಿದ್ದಳು.

"ಇದೆಂತ ಬಚ್ಚಲು ಮಾರಾಯ್ತಿ, ಬೀರುವಿನೊಳಗೆ ನಿಂತ ಹಾಗಾಗ್ತದೆ."

ಅವಳು ಹೇಳಿದ್ದರಲ್ಲಿ ತಪ್ಪೇನಿಲ್ಲ. ಊರಿನ ಬಚ್ಚಲುಮನೆ ಅಂದರೆ ಒಂದು ಕೋಣೆಯೇ. ಮೂಲೆಯಲ್ಲಿ ಒಲೆಯ ಮೇಲೆ ಕೂರಿಸಿದ ತಾಮ್ರದ ಹಂಡೆ, ಪಕ್ಕದಲ್ಲಿ ಅಡಿಕೆ ಹಾಳೆ, ತೆಂಗಿನ ಮಟ್ಟೆಯ ರಾಶಿ, ಬೆಂಕಿಯ ಬೆಳಕು. ಮಳೆಗಾಲದಲ್ಲಿ ಇಡೀ ಮನೆಯಲ್ಲಿ ಬೆಚ್ಚಗಿರುವ ಜಾಗ ಅದೊಂದೇ. ಮತ್ತು ನಮ್ಮಲ್ಲಿ ಆ ಬಚ್ಚಲಿಗೇ ಒಂದು ಹಬ್ಬವಿದೆ: ನೀರು ತುಂಬುವ ಹಬ್ಬ. ನರಕ ಚತುರ್ದಶಿಯ ಹಿಂದಿನ ಸಂಜೆ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು, ಕೊರಳಿಗೆ ಹಿಂಡಲಕಾಯಿ ಬಳ್ಳಿ ಸುತ್ತಿ, ಬಾವಿಯ ನೀರು ತುಂಬುತ್ತಾರೆ. ನಮ್ಮ ಮನೆಯಲ್ಲಿ ಬಳ್ಳಿ ಹುಡುಕಿ ತರುವುದು, ಪಟ್ಟೆ ಎಳೆಯುವುದು ಎರಡೂ ಅಪ್ಪನ ಕೆಲಸ. ದೇವರ ಕೋಣೆಯ ಅಲಂಕಾರಕ್ಕಿಂತ ಬಚ್ಚಲಿನದೇ ಅವರಿಗೆ ಹೆಚ್ಚು. ಅಮ್ಮ ರೇಗಿಸುತ್ತಿದ್ದಳು.

ಮೊದಲು ಮೆಟ್ಟಿಲ ಅಂಚು ಕಾಣಿಸಬೇಕಿತ್ತು, ಅಷ್ಟೇ. ಬಿಳಿ ಬಣ್ಣ ಹಚ್ಚುವಂತಿಲ್ಲ. ಆಗ ಪಾನ್ ಅಂಗಡಿಯ ಸುಣ್ಣ ನೆನಪಾಯಿತು. ಬನಾರಸ್ಸಿನಲ್ಲಿ ಏನು ಸಿಗದಿದ್ದರೂ ಪಾನ್ ಸಿಗುತ್ತದೆ. 10 ರೂಪಾಯಿ ಕೊಟ್ಟೆ, ಅಂಗಡಿಯವನು ಕುಲ್ಹಡ್ ತುಂಬ ಸುಣ್ಣ ಕೊಟ್ಟ. ಕೆಮ್ಮಣ್ಣಿಗೆ ಇಲ್ಲಿ ಗೇರೂ ಅನ್ನುತ್ತಾರೆ, ಬಣ್ಣದ ಅಂಗಡಿಯಲ್ಲಿ ತೂಕಕ್ಕೆ ಸಿಗುತ್ತದೆ. ಮೆಟ್ಟಿಲ ಮೇಲೆ ಕೆಮ್ಮಣ್ಣು ಬಳಿದು ಅಂಚಿಗೆ ದಪ್ಪ ಸುಣ್ಣದ ಗೆರೆ ಎಳೆದೆ. ಅಮ್ಮ ಬಾಗಿಲಲ್ಲಿ ನಿಂತು ನೋಡಿ, "ಗೆರೆ ಡೊಂಕು" ಅಂದಳು. ಅಂದರೆ ಕಂಡಿತು!

ಗೋಡೆಯ ಚುಕ್ಕಿಗಳಿಗೆ ಮದನಪುರದ ಸಾಮಾನು ಒದಗಿತು. ನಮ್ಮ ಮನೆಯಿಂದ ನಡೆದು ಹೋಗುವಷ್ಟೇ ದೂರದ ನೇಕಾರರ ಕೇರಿ. ಜಕಾರ್ಡ್ ಮಗ್ಗದ ತಲೆಯ ಮೇಲೆ ತೂತು ಹೊಡೆದ ರಟ್ಟಿನ ಪಟ್ಟಿಗಳ ಮಾಲೆ ಸುತ್ತುತ್ತಿರುತ್ತದೆ. ತೂತಿದ್ದಲ್ಲಿ ಮಗ್ಗದ ಸೂಜಿ ಒಳಹೋಗಿ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ಸೀರೆಯ ಹೂವು ಬಳ್ಳಿ ಎಲ್ಲ ಹುಟ್ಟುವುದು ಆ ತೂತುಗಳಿಂದ. ಒಂದು ವಿನ್ಯಾಸಕ್ಕೆ ನೂರಾರು ಪಟ್ಟಿ ಬೇಕು; ವಿನ್ಯಾಸ ಹಳತಾದರೆ ಅವು ರದ್ದಿಗೆ. ನಾಲ್ಕು ಪಟ್ಟಿ ಕೇಳಿದ್ದಕ್ಕೆ ಅಲ್ಲಿನ ಒಬ್ಬರು ದುಡ್ಡು ಮುಟ್ಟದೆ ಕೊಟ್ಟರು. ರಟ್ಟು ಬಚ್ಚಲಿನಲ್ಲಿ ಉಳಿಯುವ ವಸ್ತುವಲ್ಲ, ಅದಕ್ಕೇ ಅಚ್ಚು ಮಾಡಿಕೊಂಡೆ. ಗೋಡೆಗೆ ಒತ್ತಿ ಹಿಡಿದು, ಗಟ್ಟಿ ಸುಣ್ಣದಲ್ಲಿ ಅದ್ದಿದ ಬಟ್ಟೆಯುಂಡೆಯಿಂದ ತಟ್ಟಿದರೆ ಸಾಲುಸಾಲು ಚುಕ್ಕಿ. ಯಾವ ಸೀರೆಯ ಯಾವ ಹೂವಿನ ಎಷ್ಟನೇ ಎಳೆಯೋ ಗೊತ್ತಿಲ್ಲ. ನೀರು ಬಿದ್ದಲ್ಲಿ ವಾರಕ್ಕೆ ಅಳಿಯುತ್ತದೆ, ಮತ್ತೆ ತಟ್ಟಬೇಕು. ಮಾಲೀಕರಿಗೂ ತಕರಾರಿಲ್ಲ.

ಇನ್ನು ಗಾಜಿನ ಮಣಿ. ಗಾಜಿನ ಕಡ್ಡಿಯನ್ನು ಜ್ವಾಲೆಗೆ ಹಿಡಿದು ಕರಗಿಸಿ ತಂತಿಗೆ ಸುತ್ತಿ ಮಾಡುವ ಮಣಿ ಈ ಊರಿನ ಹಳೆ ಕಸುಬು. ಆಕಾರ ಕೆಟ್ಟವು ಅಗ್ಗ. ಅಮ್ಮನಿಗೆ ದಪ್ಪ ಮಣಿಗಳನ್ನೇ ತಂದೆ. ಕಣ್ಣು ಬೇಡ, ಬೆರಳು ಸಾಕು ಅಂತ ನಾಲ್ಕು ಮಧ್ಯಾಹ್ನ ಕೂತು ಪೋಣಿಸಿದಳು. ಮೊಳೆ ಹೊಡೆಯುವಂತಿಲ್ಲವಲ್ಲ, ಗವಾಕ್ಷಿಯ ಜಾಲರಿಗೇ ಇಳಿಬಿಟ್ಟೆವು. ಬೆಳಿಗ್ಗೆ ಹತ್ತರ ಸುಮಾರಿಗೆ ಅರ್ಧ ಗಂಟೆ ಬಿಸಿಲು ಬೀಳುತ್ತದೆ, ಗೋಡೆಯ ಮೇಲೆ ನೀಲಿ ಹಸಿರು ಓಡಾಡುತ್ತದೆ. ಅಮ್ಮ ಸ್ನಾನದ ಹೊತ್ತನ್ನೇ ಹತ್ತಕ್ಕೆ ಬದಲಾಯಿಸಿದಳು.

ದೀಪಾವಳಿ ಬಂತು. ಅಪ್ಪನ ವರ್ಷಾಂತ ಆಗಿರಲಿಲ್ಲ, ಮನೆಯಲ್ಲಿ ಹಬ್ಬವಿಲ್ಲ. ಆ ಸಂಜೆ ಬನಾರಸ್ಸಿಗೆ ಧನತೇರಸ್. ಠಠೇರಿ ಬಜಾರಿನಲ್ಲಿ ಪಾತ್ರೆ ಕೊಳ್ಳುವವರ ನೂಕುನುಗ್ಗಲು. ನಾನು ಸುಮ್ಮನೆ ತರಕಾರಿ ತಂದೆ. ಚೀಲ ಸುರಿದು ನೋಡುತ್ತಿದ್ದ ಅಮ್ಮ ಒಂದು ಪರ್ವಲ್ ಎತ್ತಿ ಹಿಡಿದು ಬಹಳ ಹೊತ್ತು ತಿರುಗಿಸಿದಳು. ಹಸಿರು ಮೈ, ಬಿಳಿ ಗೀರು.

"ಹಿಂಡಲಕಾಯಿ ಥರವೇ ಉಂಟಲ್ಲೆ."

"ಹಬ್ಬ ಇಲ್ಲ ಅಂದಿದ್ದೆಯಲ್ಲಮ್ಮ?"

"ಹಬ್ಬ ಯಾರು ಮಾಡ್ತಾರೆ? ನೀರು ದಿನಾ ತುಂಬೋದಲ್ವ."

ಸೂಜಿಗೆ ದಾರ ನಾನು ಪೋಣಿಸಿಕೊಟ್ಟೆ. 11 ಪರ್ವಲ್ ಸಾಲಾಗಿ ನಮ್ಮ 20 ಲೀಟರಿನ ನೀಲಿ ಪ್ಲಾಸ್ಟಿಕ್ ಬಕೆಟ್ಟಿನ ಕೊರಳಿಗೆ ಬಂದವು. ಕೆಮ್ಮಣ್ಣು ಪ್ಲಾಸ್ಟಿಕ್ಕಿಗೆ ಹಿಡಿಯುವುದಿಲ್ಲ, ಆದರೂ ಅಮ್ಮ ಎರಡು ಬೆರಳಿನಿಂದ ಪಟ್ಟೆ ಎಳೆದಳು, ಅಪ್ಪ ಎಳೆಯುವ ಹಾಗೆ ಕೆಳಗಿನಿಂದ ಮೇಲಕ್ಕೆ. ಕೈ ನಡುಗುತ್ತಿತ್ತು. ನಾನು ನಲ್ಲಿ ತಿರುಗಿಸಿ ಅಡಿಗೆಮನೆಗೆ ಬಂದುಬಿಟ್ಟೆ.

ಮರುದಿನ ನಸುಕಿಗೇ ಎದ್ದು ಸ್ನಾನಕ್ಕೆ ಹೋದಳು. ನಾನು ಟವೆಲ್ ಹಿಡಿದು ಹೊರಗೆ ನಿಂತೆ. ಒಳಗಿನಿಂದ ಚಿಲಕ ಹಾಕಿದ ಸದ್ದಾಯಿತು. ಬಂದ ದಿನದಿಂದ ಅದೇ ಮೊದಲು. ಸ್ವಲ್ಪ ಹೊತ್ತಿಗೆ ಚೊಂಬಿನ ಸದ್ದು, ಆಮೇಲೆ ಅವಳ ಗೊಣಗಾಟ: ನೀರು ಸಾಲದು, ಇನ್ನೊಂದು ಬಕೆಟ್ ತರಬಾರದಿತ್ತೇ ಅಂತ.

ಪರ್ವಲ್ ಮಧ್ಯಾಹ್ನ ಪಲ್ಯವಾಯಿತು. ಸಾಸಿವೆ, ಒಣಮೆಣಸಿನ ಒಗ್ಗರಣೆ, ಮೇಲೆ ಕಾಯಿತುರಿ.