ಕರಿಗಲ್ಲಿನ ಊರು, ಕಳಚುವ ಟೈರು

ಫ್ರಾನ್ಸ್ ದೇಶದ ನಡುಭಾಗದಲ್ಲಿ, ಪ್ಯಾರಿಸಿನಿಂದ ದಕ್ಷಿಣಕ್ಕೆ ಸುಮಾರು 400 ಕಿಲೋಮೀಟರ್ ದೂರದಲ್ಲಿ, ಓವೆರ್ನ್ ಎಂಬ ಬೆಟ್ಟಸೀಮೆಯಿದೆ. ಅಲ್ಲಿಯ ಮುಖ್ಯ ಪಟ್ಟಣ ಕ್ಲೆರ್ಮಾನ್-ಫೆರಾನ್. ಈ ಊರನ್ನು ಹೊಸದಾಗಿ ಕಾಣುವ ಪ್ರವಾಸಿಯನ್ನು ಮೊದಲು ಬೆರಗುಗೊಳಿಸುವುದು ಅದರ ಬಣ್ಣ. ಊರ ನೆತ್ತಿಯ ಮೇಲೆ ನಿಂತ, 13ನೆಯ ಶತಮಾನದಲ್ಲಿ ಕಟ್ಟತೊಡಗಿದ ದೊಡ್ಡ ಇಗರ್ಜಿ ಕಪ್ಪು. ಅದರ ಸುತ್ತಣ ಹಳೆಯ ಓಣಿಗಳ ಬಾಗಿಲುವಾಡಗಳೂ ಕಪ್ಪು. ಇದು ಹೊಗೆಯ ಮಸಿಯಲ್ಲ, ಸಮೀಪದ ವೋಲ್ವಿಕ್ ಗಣಿಗಳಿಂದ ತಂದ ಲಾವಾಶಿಲೆಯ ಸಹಜ ವರ್ಣ. ಪಶ್ಚಿಮಕ್ಕೆ ತಿರುಗಿದರೆ ಆ ಕಲ್ಲಿನ ತವರು ಕಾಣುತ್ತದೆ: ಎಂದೋ ತಣ್ಣಗಾದ ಜ್ವಾಲಾಮುಖಿಗಳ ಸಾಲು, ಅದರ ನಡುವೆ 1465 ಮೀಟರ್ ಎತ್ತರದ ಪ್ವಿ ದ ದೋಮ್ ಶಿಖರ.

ಈ ಬೆಟ್ಟಕ್ಕೆ ವಿಜ್ಞಾನದ ಚರಿತ್ರೆಯಲ್ಲಿ ಒಂದು ಹಿರಿಯ ಸ್ಥಾನವಿದೆ. ಇದೇ ಊರಿನಲ್ಲಿ 1623ರಲ್ಲಿ ಹುಟ್ಟಿದ ಬ್ಲೇಸ್ ಪಾಸ್ಕಲನಿಗೆ, ಗಾಳಿಗೂ ತೂಕವುಂಟೆಂಬುದನ್ನು ಪರೀಕ್ಷಿಸಿ ನೋಡುವ ಹಂಬಲ. ಅವನ ಅಪೇಕ್ಷೆಯಂತೆ ಅವನ ಭಾವ ಪೆರಿಯೇ 1648ರ ಸೆಪ್ಟೆಂಬರಿನಲ್ಲಿ ಪಾದರಸ ತುಂಬಿದ ಗಾಜಿನ ನಳಿಗೆಯನ್ನು ಹೊತ್ತು ಬೆಟ್ಟವೇರಿದನು. ಮೇಲೇರಿದಂತೆ ಪಾದರಸದ ಮಟ್ಟ ಇಳಿಯಿತು. ಊರಿನಲ್ಲಿ ಬಿಟ್ಟುಬಂದಿದ್ದ ಇನ್ನೊಂದು ನಳಿಗೆಯಲ್ಲಿ ಅದು ಕದಲಲಿಲ್ಲ. ಮೇಲಿನ ಗಾಳಿಯ ಭಾರ ಕಡಮೆಯಾದುದೇ ಇದರ ಕಾರಣವೆಂಬುದು ಅಂದು ಕಣ್ಣಿಗೆ ಕಂಡಿತು. ಗಾಳಿಯನ್ನು ತೂಗಿದ ಊರೇ ಮುಂದೆ ಗಾಳಿಯನ್ನು ರಬ್ಬರಿನೊಳಗೆ ಸೆರೆಹಿಡಿದು ಅನ್ನ ಸಂಪಾದಿಸಿತು!

ಆ ಕಥೆಗೆ ನಾಂದಿಯಾದುದು ಒಂದು ಹಠಮಾರಿ ಸೈಕಲ್ ಟೈರು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ತನ್ನ ಮಗನ ಮೂರುಗಾಲಿಯ ಸೈಕಲ್ಲಿಗೆಂದು ಗಾಳಿ ತುಂಬಿದ ಟೈರನ್ನು ರೂಪಿಸಿದ್ದನು. ಸವಾರನಿಗೆ ಅದು ಸ್ವರ್ಗಸುಖ. ಆದರೆ ಟೈರನ್ನು ರಿಮ್ಮಿಗೆ ಅಂಟುಹಾಕಿ ಕೂರಿಸುತ್ತಿದ್ದರು. ಎಲ್ಲಿಯೋ ಒಂದು ಮುಳ್ಳು ಚುಚ್ಚಿತೆಂದರೆ ಸುಖವೆಲ್ಲ ಮುಗಿದಂತೆ. ಅಂಟನ್ನು ಬಿಡಿಸದೆ ಒಳಗಿನ ಟ್ಯೂಬು ಕೈಗೆ ಸಿಕ್ಕದು.

1889ರಲ್ಲಿ ಒಬ್ಬ ಇಂಗ್ಲಿಷ್ ಸವಾರನು ಇಂಥ ಸೈಕಲ್ಲಿನೊಡನೆ ಕ್ಲೆರ್ಮಾನ್ ಬಳಿ ದಿಕ್ಕೆಟ್ಟು ನಿಂತನೆಂದೂ, ರಬ್ಬರ್ ಕೆಲಸ ಬಲ್ಲವರೆಂದು ಮಿಷೆಲಿನ್ ಸೋದರರ ಕಾರ್ಖಾನೆಯನ್ನು ಹುಡುಕಿಕೊಂಡು ಬಂದನೆಂದೂ ಊರಿನ ಕಥೆ. ಆ ಕಾರ್ಖಾನೆ ಸೋದರರಿಗೆ ಅಜ್ಜನ ಕಾಲದಿಂದ ಬಂದದ್ದು, ಸಾಲದಲ್ಲಿ ಸೊರಗಿದ್ದುದು. ತಮ್ಮನಾದ ಎದುವಾರ್, ಪ್ಯಾರಿಸಿನಲ್ಲಿ ಚಿತ್ರಕಲೆ ಕಲಿಯುತ್ತಿದ್ದವನು, ಕುಂಚವನ್ನು ಕೆಳಗಿಟ್ಟು ಅದರ ಹೊಣೆ ಹೊತ್ತಿದ್ದನು. ಅಣ್ಣ ಆಂದ್ರೆ ಎಂಜಿನಿಯರು. ಸವಾರನ ಟೈರನ್ನು ಕಿತ್ತು ತೇಪೆಹಾಕಲು ಮೂರು ಗಂಟೆ ಹಿಡಿಯಿತಂತೆ. ಅಂಟು ಒಣಗಲು ಒಂದು ಇಡೀ ರಾತ್ರಿ. ಮರುದಿನ ಎದುವಾರ್ ತಾನೇ ಸೈಕಲ್ ಏರಿ ಕಾರ್ಖಾನೆಯ ಅಂಗಳದಲ್ಲಿ ಹೊರಟನು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಟೈರು ಮತ್ತೆ ನೆಲಕಚ್ಚಿತು.

ಅವನು ಬೇಸರಪಡಬಹುದಾಗಿತ್ತು. ಬದಲಾಗಿ ಎರಡು ಮಾತುಗಳನ್ನು ಮನಗಂಡನು: ಗಾಳಿಯ ಮೇಲಿನ ಸವಾರಿಗೆ ಸಮಾನವಾದುದು ಬೇರೊಂದಿಲ್ಲ, ಆದರೆ ದಾರಿಯಲ್ಲಿ ಕಳಚಲಾಗದ ಟೈರಿನಿಂದ ಲೋಕಕ್ಕೆ ಉಪಯೋಗವಿಲ್ಲ. 1891ರಲ್ಲಿ ಸೋದರರು ಅಂಟಿನ ಬದಲು ಬೋಲ್ಟುಗಳಿಂದ ಬಿಗಿದ, ಕಳಚಿ ಹಾಕಬಹುದಾದ ಟೈರಿಗೆ ಪೇಟೆಂಟ್ ಪಡೆದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪ್ಯಾರಿಸಿನಿಂದ ಬ್ರೆಸ್ಟಿಗೆ ಹೋಗಿ ಹಿಂದಿರುಗುವ, ಸುಮಾರು 1200 ಕಿಲೋಮೀಟರಿನ ಪಂದ್ಯ ನಡೆಯಿತು. ಈ ಟೈರಿನ ಮೇಲೆ ಓಡಿದ ಶಾರ್ಲ್ ತೆರಾನ್ ದಾರಿಯಲ್ಲಿ ಪಂಕ್ಚರ್ ಆದರೂ ರಿಪೇರಿ ಮಾಡಿಸಿಕೊಂಡು ಸುಮಾರು 71 ಗಂಟೆಗಳಲ್ಲಿ ಗುರಿ ಮುಟ್ಟಿ ಮೊದಲಿಗನಾದನು. ಮರುವರ್ಷ ಸೋದರರು ಪ್ಯಾರಿಸಿನಿಂದ ತಮ್ಮೂರಿಗೇ ಒಂದು ಪಂದ್ಯವನ್ನು ಏರ್ಪಡಿಸಿ, ದಾರಿಗೆ ಮೊಳೆಗಳನ್ನು ಚೆಲ್ಲಿಸಿದರೆಂದು ಹೇಳುತ್ತಾರೆ. ಟೈರು ತೂತಾಗದೆಂದು ಸಾರಲು ಅಲ್ಲ. ತೂತಾದರೂ ಅಂಜಬೇಕಿಲ್ಲವೆಂದು ತೋರಿಸಲು.

ಹಾಗಿದ್ದರೂ ಇಂದು ನಮ್ಮ ಬೀದಿಗಳಲ್ಲಿ ಓಡುವ ಸೈಕಲ್ಲುಗಳ ಟೈರಿನ ಗುಟ್ಟು ಹೊಳೆದುದು ಕ್ಲೆರ್ಮಾನಿನಲ್ಲಲ್ಲ, ಇಂಗ್ಲೆಂಡಿನಲ್ಲಿ. 1890ರಲ್ಲಿ ವೆಲ್ಚ್ ಎಂಬಾತನು ಟೈರಿನ ಎರಡು ಅಂಚುಗಳಲ್ಲಿಯೂ ಹಿಗ್ಗದ ತಂತಿಯ ಬಳೆಯನ್ನು ಹುದುಗಿಸಿದನು. ರಿಮ್ಮಿನ ನಡುವೆ ಸುತ್ತಲೂ ಒಂದು ತಗ್ಗು ಕಾಲುವೆಯನ್ನು ಬಿಟ್ಟನು. ಅಂಟೂ ಬೇಡ, ಬೋಲ್ಟೂ ಬೇಡ. ಗಾಳಿ ತುಂಬಿದಾಗ ತಂತಿಯಂಚು ರಿಮ್ಮಿನ ಅಂಚಿಗೆ ಒತ್ತಿ ಕೂರುತ್ತದೆ. ತಂತಿ ಹಿಗ್ಗದಾದ್ದರಿಂದ ಟೈರು ಹಾರಿಹೋಗದು. ಆದರೆ ಹಿಗ್ಗದ ಬಳೆಯನ್ನು ಅದಕ್ಕಿಂತ ದೊಡ್ಡದಾದ ರಿಮ್ಮಿನ ಅಂಚನ್ನು ದಾಟಿಸುವುದು ಹೇಗೆ? ಆ ಕಾಲುವೆ ಇರುವುದೇ ಅದಕ್ಕಾಗಿ. ತಂತಿಯ ಒಂದು ಬದಿ ಕಾಲುವೆಗೆ ಇಳಿದರೆ ಎದುರುಬದಿಯಲ್ಲಿ ಅಷ್ಟು ಸಡಿಲ ದೊರೆಯುತ್ತದೆ.

ಬಿಗಿಯಾದ ಟೈರಿನೊಡನೆ ಸೆಣಸಿ ಬೆರಳು ನೋಯಿಸಿಕೊಳ್ಳುವವರು ಮರೆಯುವುದು ಈ ಕಾಲುವೆಯನ್ನು. ಅವರು ಎಲ್ಲಿ ಕೀಳಬೇಕೋ ಅಲ್ಲಿಯೇ ಬಲವನ್ನೆಲ್ಲ ಸುರಿಯುತ್ತಾರೆ. ಸ್ಕ್ರೂಡ್ರೈವರು ತೂರಿಸಿ ಟ್ಯೂಬಿಗೆ ಇನ್ನೊಂದು ತೂತು ಮಾಡುತ್ತಾರೆ. ಬಲ್ಲವನ ಕ್ರಮವೇ ಬೇರೆ. ಮೊದಲು ಗಾಳಿಯನ್ನು ಪೂರ್ತಿ ಬಿಡುತ್ತಾನೆ. ಬಳಿಕ ಗಾಲಿಯ ಸುತ್ತಲೂ ಹೆಬ್ಬೆರಳಿನಿಂದ ಒತ್ತುತ್ತ ಎರಡು ಅಂಚುಗಳನ್ನೂ ರಿಮ್ಮಿನಿಂದ ಬಿಡಿಸಿ ನಡುಗಾಲುವೆಗೆ ಇಳಿಸುತ್ತಾನೆ. ವಾಲ್ವು ಇರುವೆಡೆ ಅದರ ಬುಡವೇ ಕಾಲುವೆಯನ್ನು ತುಂಬಿರುವುದರಿಂದ ಅಲ್ಲಿ ಅಂಚು ಇಳಿಯದು. ಆದುದರಿಂದ ಲಿವರನ್ನು ವಾಲ್ವಿನ ಬಳಿಯಲ್ಲಿಯೇ ಇಟ್ಟು, ಅದರ ಎದುರುಬದಿಯನ್ನು ಆಳಕ್ಕೆ ಒತ್ತಿಹಿಡಿಯುತ್ತಾನೆ. ಎರಡು ಕಡ್ಡಿಗಳ ಆಚೆ ಎರಡನೆಯ ಲಿವರು. ಸ್ವಲ್ಪ ಭಾಗ ಹೊರಬಿದ್ದರೆ ಮಿಕ್ಕದ್ದು ತಾನಾಗಿಯೇ ಬರುತ್ತದೆ. ಅಷ್ಟಕ್ಕೂ ಮಣಿಯದಿದ್ದರೆ ಅಂಚಿಗೆ ತುಸು ಸೋಪಿನ ನೀರು. ಮತ್ತೆ ಹಾಕುವಾಗ ಕ್ರಮ ತಿರುವುಮುರುವು: ವಾಲ್ವಿನ ಎದುರಿನಿಂದ ಆರಂಭಿಸಿ ವಾಲ್ವಿನ ಬಳಿ ಮುಗಿಸಬೇಕು.

ಕೆಲವು ಗಾಲಿಗಳು ಇನ್ನೂ ಹಠ ಹಿಡಿಯುವುದಕ್ಕೆ ಕಾರಣವುಂಟು. ನಮ್ಮ ಹಳೆಯ 28 ಅಂಗುಲದ ಸೈಕಲ್ಲಿನಲ್ಲಿ ಟೈರಿನ ಅಂಚು ಕೂರುವೆಡೆಯ ಅಳತೆ 635 ಮಿಲಿಮೀಟರ್. ಟೈರು ಕೊಂಚ ಕಿರಿದಾಗಿ, ರಿಮ್ಮು ಕೊಂಚ ಹಿರಿದಾಗಿ ತಯಾರಾದರೂ ಸಾಕು, ಎರಡೂ ಕೂಡಿ ಕೈಗೆ ಕಷ್ಟ. ರಿಮ್ಮಿನೊಳಗಿನ ಪಟ್ಟಿ ದಪ್ಪವಾಗಿದ್ದರೆ ಅದೇ ಕಾಲುವೆಯನ್ನು ತುಂಬಿಬಿಡುತ್ತದೆ. ಪಟ್ಟಿಯನ್ನು ಬದಲಿಸಿದರೆ ಟೈರೂ ಸೌಮ್ಯವಾಗುತ್ತದೆ. ಈಚಿನ ಟ್ಯೂಬಿಲ್ಲದ ಟೈರುಗಳಂತೂ ಗಾಳಿ ಸೋರದಿರಲೆಂದೇ ಇನ್ನೂ ಬಿಗಿ. ಕಾಲ ಮುಂದುವರಿದರೂ ಎದುವಾರನ ಅಂಗಳದ ತೊಡಕು ತೀರಾ ಮರೆಯಾಗಿಲ್ಲ.

ಕ್ಲೆರ್ಮಾನಿನಲ್ಲಿ ಆ ತೊಡಕಿನ ಫಲ ಎಲ್ಲೆಲ್ಲೂ ಕಾಣುತ್ತದೆ. ಕಾರ್ಖಾನೆ ಬೆಳೆದಂತೆ ಕೆಲಸಗಾರರಿಗಾಗಿ ಮನೆಗಳ ಸಾಲುಗಳೂ ಶಾಲೆಗಳೂ ಅಂಗಡಿಗಳೂ ಎದ್ದವು. ಸಾವಿರಾರು ಸಂಸಾರಗಳು ತಲೆಮಾರುಗಳ ಕಾಲ ರಬ್ಬರಿನ ಮೇಲೆಯೇ ಬಾಳು ಕಟ್ಟಿದವು. ಈಚಿನ ದಶಕಗಳಲ್ಲಿ ಕೆಲಸಗಾರರ ಸಂಖ್ಯೆ ಬಹಳ ಇಳಿದಿದೆಯಾದರೂ ಮಿಷೆಲಿನ್ ಸಂಸ್ಥೆಯ ಕೇಂದ್ರ ಊರನ್ನು ಬಿಟ್ಟುಹೋಗಿಲ್ಲ. ಅದರ ಚರಿತ್ರೆಯನ್ನು ಸಾರುವ ವಸ್ತುಸಂಗ್ರಹಾಲಯ 2009ರಲ್ಲಿ ತೆರೆಯಿತು. 2006ರಲ್ಲಿ ಓಡತೊಡಗಿದ ಊರಿನ ಟ್ರಾಮಿಗೂ ರಬ್ಬರ್ ಟೈರುಗಳು!

ಸಂಜೆಯ ಹೊತ್ತು ಜೋದ್ ಚೌಕದಲ್ಲಿ ಕುಳಿತ ಪ್ರವಾಸಿಗೆ, ಕರಿಯ ಗೋಪುರಗಳ ಆಚೆ ಬೆಟ್ಟದ ನೆರಳು ಚಾಚುವಾಗ, ಹೆಸರು ನಿಶ್ಚಯವಿಲ್ಲದ ಆ ಇಂಗ್ಲಿಷ್ ಸವಾರನ ನೆನಪಾಗದಿರದು. ಇಂದು ಬಂದಿದ್ದರೆ ಅವನು ಎರಡು ಲಿವರುಗಳಿಂದ ಟೈರು ಕಳಚಿ, ತೇಪೆಹಾಕಿ, ಅರ್ಧ ಗಂಟೆಯೊಳಗೆ ಊರು ದಾಟುತ್ತಿದ್ದನು. ಅಂದು ಅವನ ಟೈರು ಸುಲಭವಾಗಿ ಬರಲಿಲ್ಲ. ಒಂದು ರಾತ್ರಿ ಅವನು ಕಾದುದರಿಂದ ಒಂದು ಊರು ನೂರು ವರ್ಷಕ್ಕೂ ಹೆಚ್ಚು ಕಾಲ ಉಂಡಿತು.