ಮುತ್ಯಾ ಕೇಳಿದ ರಾಕ್

ಎಂಬತ್ತರ ದಶಕದ ಜಹೀರಾಬಾದಿನಲ್ಲಿ ಹಾಡಿಗೇನೂ ಬರ ಇರಲಿಲ್ಲ. ಹೆದ್ದಾರಿ ಪಕ್ಕದ ಹೋಟೆಲುಗಳಲ್ಲಿ ಕವ್ವಾಲಿ, ಟಾಕೀಸಿನ ಮೈಕಿನಲ್ಲಿ ತೆಲುಗು, ನಮ್ಮ ಮನೆ ಕಟ್ಟೆಯ ಮೇಲೆ ಅಮಾವಾಸ್ಯೆಗೊಮ್ಮೆ ಕನ್ನಡದ ತತ್ವಪದ. 1956ರ ತನಕ ಬೀದರ್ ಜಿಲ್ಲೆಯಲ್ಲಿದ್ದ ತಾಲ್ಲೂಕು ಇದು. ನಾರಾಯಣಖೇಡವೂ ಹಾಗೆಯೇ, ತಾಂಡೂರು ಗುಲಬರ್ಗಾ ಜಿಲ್ಲೆಯದಾಗಿತ್ತು. ರಾಜ್ಯಗಳ ಗೆರೆ ಎಳೆದಾಗ ಮೂರೂ ಆಂಧ್ರಕ್ಕೆ ಹೋದವು. ಶಾಲೆಯಲ್ಲಿ ನಾವು ತೆಲುಗು ಓದಿದೆವು, ಮನೆಗೆ ಬಂದು ಕನ್ನಡದಲ್ಲಿ ಜಗಳಾಡಿದೆವು.

ಇಂಗ್ಲಿಷ್ ಹಾಡು ಊರಿಗೆ ಬಂದದ್ದು ಲಾರಿ ಕಾರ್ಖಾನೆಯ ಜೊತೆ. ಆಲ್ವಿನ್ ನಿಸಾನ್‌ನವರು ನಮ್ಮಲ್ಲಿ ಸಣ್ಣ ಲಾರಿ ತಯಾರಿಸತೊಡಗಿದ ಮೇಲೆ ಎಲ್ಲೆಲ್ಲಿಯವರೋ ಬಂದು ಬಾಡಿಗೆ ಮನೆ ಹಿಡಿದರು. ನನ್ನ ಗೆಳೆಯನ ಮನೆಯ ಮಾಳಿಗೆಯಲ್ಲಿ ಕೇರಳದ ಒಬ್ಬ ಇಂಜಿನಿಯರ್ ಇದ್ದರು. ಗೆಳೆಯ ಮೆಥಡಿಸ್ಟ್ ಕುಟುಂಬದವನು, ಅವನ ತಂದೆ ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರು. ಇಂಜಿನಿಯರ್ ವರ್ಗವಾಗಿ ಹೋಗುವಾಗ ಒಂದು ರಟ್ಟಿನ ಡಬ್ಬಿ ತುಂಬ ಕ್ಯಾಸೆಟ್ಟುಗಳನ್ನು ಇವನಿಗೆ ಕೊಟ್ಟುಹೋದರು. ಎಲ್ಲವೂ ನಕಲು ಮಾಡಿದವು, ಮೇಲೆ ಬಾಲ್‌ಪೆನ್ನಿನ ಅಕ್ಷರ. ಅದರಲ್ಲಿ ಲ್ಯಾರಿ ನಾರ್ಮನ್ ಇದ್ದ, ಕೀತ್ ಗ್ರೀನ್ ಇದ್ದ, ಪೆಟ್ರಾ ಇತ್ತು. ಇವರೆಲ್ಲ ಏಸುವಿನ ಹಾಡು ಹಾಡುವ ರಾಕ್‌ನವರು ಎಂದು ಗೆಳೆಯ ಹೇಳಿದಾಗ ನಾನು ನಂಬಲಿಲ್ಲ. ಏಸುವಿನ ಹಾಡು ಎಂದರೆ ನನಗೆ ಗೊತ್ತಿದ್ದದ್ದು ಧಾರೂರು ಜಾತ್ರೆಯದು.

ಆ ಜಾತ್ರೆಯ ಬಗ್ಗೆ ಹೇಳಲೇಬೇಕು. ವಿಕಾರಾಬಾದಿನಿಂದ ತಾಂಡೂರಿಗೆ ಹೋಗುವ ರೈಲುದಾರಿಯಲ್ಲಿ ಧಾರೂರು ಸಿಗುತ್ತದೆ. 1923ರಿಂದ ಅಲ್ಲಿ ನವೆಂಬರಿನಲ್ಲಿ ಮೆಥಡಿಸ್ಟರ ಜಾತ್ರೆ ನಡೆಯುತ್ತ ಬಂದಿದೆ. ಹೆಸರೂ ಜಾತ್ರೆ, ನಡೆಯುವ ರೀತಿಯೂ ಜಾತ್ರೆಯದೇ: ಗಿಡಗಳ ಕೆಳಗೆ ಗುಡಾರ, ಕಲ್ಲೊಲೆ, ಹರಕೆ, ಹಾಡು. ಗೆಳೆಯನ ಮನೆಯವರ ಜೊತೆ ನಾನೂ ಹೋಗಿದ್ದೆ. ಮೆಥಡಿಸ್ಟರ ಗೀತಕಾರ ಚಾರ್ಲ್ಸ್ ವೆಸ್ಲಿ ಆರು ಸಾವಿರಕ್ಕೂ ಹೆಚ್ಚು ಗೀತೆ ಬರೆದವನು. ಅವನ ಪರಂಪರೆಯ ಗಂಭೀರ ರಾಗಗಳು ಭಾನುವಾರದ ಚರ್ಚಿಗೆ ಸರಿ. ಜಾತ್ರೆಯಲ್ಲಿ ಮಾತ್ರ ಢೋಲಕ್, ತಾಳಗಳದ್ದೇ ಮೇಲುಗೈ. ತೆಲುಗು ಪದ ಮುಗಿಯುವಷ್ಟರಲ್ಲಿ ಬೀದರ್ ಕಡೆಯವರು ಕನ್ನಡದಲ್ಲಿ ಎತ್ತಿಕೊಳ್ಳುತ್ತಿದ್ದರು. ಕಣ್ಣು ಮುಚ್ಚಿ ಕೇಳಿದರೆ ನಮ್ಮ ಕಟ್ಟೆಯ ಭಜನೆಯೇ. ಎರಡಕ್ಕೂ ಮಣ್ಣು ಒಂದೇ ಇರುವಾಗ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಲ್ಯಾರಿ ನಾರ್ಮನ್ 1969ರಲ್ಲಿ ತಂದ ಆಲ್ಬಮ್ಮನ್ನು ಮೊದಲ ಕ್ರಿಶ್ಚಿಯನ್ ರಾಕ್ ಆಲ್ಬಂ ಎಂದು ಹಲವರು ಕರೆಯುತ್ತಾರೆ. ನಮ್ಮ ಡಬ್ಬಿಯಲ್ಲಿದ್ದದ್ದು 1972ರ 'ಓನ್ಲಿ ವಿಸಿಟಿಂಗ್ ದಿಸ್ ಪ್ಲಾನೆಟ್'. ಲಂಡನ್ನಿನಲ್ಲಿ, ಬೀಟಲ್ಸ್ ನಿರ್ಮಾಪಕ ಜಾರ್ಜ್ ಮಾರ್ಟಿನ್‌ನ ಸ್ಟುಡಿಯೋದಲ್ಲಿ ಧ್ವನಿಮುದ್ರಿಸಿದ್ದು. ಉದ್ದ ಬಿಳಿಗೂದಲಿನ ಈ ಮನುಷ್ಯ ದೇವರನ್ನು ಹೊಗಳುವುದಕ್ಕಿಂತ ತನ್ನ ದೇಶವನ್ನು ತರಾಟೆಗೆ ತೆಗೆದುಕೊಳ್ಳುವುದೇ ಹೆಚ್ಚು. ಒಂದು ಹಾಡಿನಲ್ಲಿ ಕರಿಯರ ಕೊಲೆ, ವಿಯೆಟ್ನಾಂ ಯುದ್ಧ, ಚಂದ್ರಯಾನದ ಖರ್ಚು ಎಲ್ಲದಕ್ಕೂ ಲೆಕ್ಕ ಕೇಳುತ್ತಾನೆ. ನಾವು ಪದ ಬಿಡಿಸಿಕೊಳ್ಳಲು ಕ್ಯಾಸೆಟ್ಟನ್ನು ಹಿಂದೆಮುಂದೆ ಓಡಿಸುತ್ತಿದ್ದುದರಿಂದ ಆ ಹಾಡಿನ ಜಾಗದಲ್ಲಿ ಟೇಪೇ ಸವೆದಿತ್ತು.

ಒಂದು ಮಧ್ಯಾಹ್ನ ನಮ್ಮ ಮನೆಯಲ್ಲಿ ಅದನ್ನು ಹಚ್ಚಿದ್ದೆವು. ಮುತ್ಯಾ, ಅಂದರೆ ನಮ್ಮ ಅಜ್ಜ, ಪಡಸಾಲೆಯಲ್ಲಿ ಏಕತಾರಿಗೆ ತಂತಿ ಬಿಗಿಯುತ್ತ ಕೂತಿದ್ದ.

"ಇವ ಯಾರಿಗಿ ಬೈಲತ್ತಾನಪಾ?"

"ಅವರ ಸರ್ಕಾರಕ್ಕ ಮುತ್ಯಾ. ಮತ್ತ ಅವರ ಗುಡಿ ಮಂದಿಗಿ."

"ದೇವರು ಬ್ಯಾಡ ಅಂತಾನೇನು?"

"ಇಲ್ಲ, ದೇವರು ಬೇಕಂತಾನ."

"ಹಂಗಾರ ಕಡಕೋಳ ಮಡಿವಾಳಪ್ಪನ ಪೈಕಿ ಆದ. ಹಚ್ಚು, ಇನ್ನೊಂದ್ ಹಚ್ಚು."

ಮುತ್ಯಾನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ದೇವರನ್ನು ನಂಬಿಕೊಂಡೇ ದೇವರ ಮನೆಯವರನ್ನು ಝಾಡಿಸುವ ದನಿ ಹೇಗಿರುತ್ತದೆ ಎಂಬುದು ಚೆನ್ನಾಗಿ ಗೊತ್ತಿತ್ತು. ಮಠದ ಆಡಂಬರವನ್ನೂ ಜಾತಿಯನ್ನೂ ಪದದಲ್ಲೇ ಎಳೆದಾಡಿದ ಮಡಿವಾಳಪ್ಪ, ಅವನ ಶಿಷ್ಯ ಚನ್ನೂರ ಜಲಾಲಸಾಹೇಬ, ಇವರನ್ನು ಹಾಡುತ್ತಲೇ ಅವನಿಗೆ ವಯಸ್ಸಾಗಿತ್ತು. ಕ್ರಿಶ್ಚಿಯನ್ ರಾಕ್‌ನಲ್ಲಿ ಕೇಳಬೇಕಾದ್ದು ಯಾವುದು, ಬಿಡಬೇಕಾದ್ದು ಯಾವುದು ಎಂಬ ನನ್ನ ಅಳತೆ ಅಂದಿನಿಂದ ಬದಲಾಗಿಲ್ಲ. ಹಳದಿ-ಕಪ್ಪು ಪಟ್ಟೆಯ ಬಟ್ಟೆ ತೊಟ್ಟು ಸಭಿಕರ ಮೇಲೆ ಬೈಬಲ್ ಎಸೆಯುತ್ತಿದ್ದ ಸ್ಟ್ರೈಪರ್ ನನಗೆ ಆಗಲೂ ಹಿಡಿಸಲಿಲ್ಲ, ಈಗಲೂ ಇಲ್ಲ. ಕೀತ್ ಗ್ರೀನ್ ಬೇರೆ. ಬಾಗಿಲಲ್ಲಿ ಹಸಿದವರು ನಿಂತಿರುವಾಗ ನಿದ್ದೆ ಹೊಡೆಯುವ ಸಭೆಯನ್ನು 1978ರಲ್ಲಿ ಹಾಡಿನಲ್ಲೇ ಬೈದ. ಎರಡು ವರ್ಷದ ನಂತರ ತನ್ನ ಆಲ್ಬಮ್ಮಿಗೆ ಬೆಲೆ ಕಟ್ಟದೆ, ಕೈಲಾದಷ್ಟು ಕೊಡಿ, ಇಲ್ಲದಿದ್ದರೆ ಹಾಗೇ ಒಯ್ಯಿರಿ ಎಂದ. 1982ರಲ್ಲಿ ಟೆಕ್ಸಾಸಿನಲ್ಲಿ ವಿಮಾನ ಬಿದ್ದು ಇಬ್ಬರು ಮಕ್ಕಳೊಂದಿಗೆ ಸತ್ತಾಗ ಅವನಿಗೆ 28 ವರ್ಷ.

ವಿರೋಧವಿಲ್ಲದೆ ಯಾವುದೂ ನಡೆಯಲಿಲ್ಲ. ಊರಿಗೆ ಬಂದಿದ್ದ ಒಬ್ಬ ಬೋಧಕರು ಗಿಟಾರನ್ನು ಸೈತಾನನ ವಾದ್ಯ ಎಂದು ಗೆಳೆಯನಿಗೆ ಬುದ್ಧಿ ಹೇಳಿದ್ದರು. ಇದು ಅಮೆರಿಕದಿಂದ ಬಂದ ಗಾಳಿ. ಅಲ್ಲಿಯ ಟಿವಿ ಬೋಧಕ ಜಿಮ್ಮಿ ಸ್ವಾಗರ್ಟ್ 1987ರಲ್ಲಿ ಧಾರ್ಮಿಕ ರಾಕ್ ವಿರುದ್ಧ ಒಂದು ಪುಸ್ತಕವನ್ನೇ ತಂದ. ಮರುವರ್ಷ ತನ್ನದೇ ಹಗರಣಕ್ಕೆ ಟಿವಿಯಲ್ಲೇ ಅತ್ತ.

ಮುಂದೆ ನಾನು ಬೆಂಗಳೂರಿಗೆ ಹೋದೆ. ಆಫೀಸಿನಲ್ಲಿ ನಾಗಾಲ್ಯಾಂಡಿನ ಒಬ್ಬ ಸಹೋದ್ಯೋಗಿ, ಮಾತು ಕಡಿಮೆ. ಒಂದು ಸಂಜೆ ಆತ ಗುನುಗುತ್ತಿದ್ದದ್ದು ಕೀತ್ ಗ್ರೀನ್ ಹಾಡು ಎಂದು ಗುರುತು ಹಿಡಿದೆ. ಜಹೀರಾಬಾದಿನ ಲಿಂಗಾಯತರ ಹುಡುಗನಿಗೆ ಇದು ಹೇಗೆ ಗೊತ್ತು ಎಂದು ಆತ ಕೇಳಿದ. ಲಾರಿ ಕಾರ್ಖಾನೆಯಿಂದ ಎಂದೆ. ಅಲ್ಲಿಂದ ಶುರುವಾದ ಸ್ನೇಹ ಇನ್ನೂ ಇದೆ. ಕ್ಯಾಸೆಟ್ಟಿನ ಗೆಳೆಯನ ಜೊತೆಗಿನದು ಅಷ್ಟಾಗಿ ಉಳಿದಿಲ್ಲ. ಅವನು ಈಗ ಬಿತ್ತನೆ ಬೀಜದ ಅಂಗಡಿ ನಡೆಸುತ್ತಾನೆ, ಆ ಹಾಡುಗಳ ಮಾತೆತ್ತಿದರೆ ಹುಡುಗಾಟ ಎನ್ನುತ್ತಾನೆ.

ಈಗ ಊರಿನ ಪ್ರಾರ್ಥನಾ ಸಭೆಗಳಲ್ಲಿ ಗಿಟಾರ್‌ಗೆ ಯಾರ ಅಡ್ಡಿಯೂ ಇಲ್ಲ. ಡ್ರಮ್ಸ್ ಇದೆ, ಕೀಬೋರ್ಡ್ ಇದೆ, ಹಾಡಿನ ಸಾಲು ತೋರಿಸುವ ಎಲ್‌ಇಡಿ ಪರದೆ ಇದೆ. ಸಾಲುಗಳಲ್ಲಿ ಜಗಳವಿಲ್ಲ. ನೀನು ದೊಡ್ಡವನು, ನನ್ನನ್ನು ಕಾಪಾಡು, ಅಷ್ಟೇ. ಅದನ್ನೇ ಹತ್ತು ಸಲ ತಿರುವಿ ಹಾಡುತ್ತಾರೆ. ನಮ್ಮ ಕಟ್ಟೆಯ ಭಜನೆಯೂ ಸುಧಾರಿಸಿಲ್ಲ: ಸಿನಿಮಾ ಧಾಟಿಯ ಭಕ್ತಿಗೀತೆಗೆ ಮಡಿವಾಳಪ್ಪ ಜಾಗ ಬಿಟ್ಟಿದ್ದಾನೆ. ಹಸಿವು, ಬೀಜ, ಹೊಲದ ಮಾತು ಹಾಡಿನಲ್ಲಿ ಕೇಳಬೇಕಾದರೆ ಮಾಚನೂರಿನ ಸಂಘಂ ರೇಡಿಯೋ ತಿರುಗಿಸಬೇಕು. 2008ರಿಂದ ದಲಿತ ಹೆಣ್ಣುಮಕ್ಕಳೇ ಅದನ್ನು ನಡೆಸುತ್ತಿದ್ದಾರೆ.

ಲ್ಯಾರಿ ನಾರ್ಮನ್ 2008ರಲ್ಲಿ ತೀರಿಕೊಂಡ. ಅವನ 1972ರ ಆಲ್ಬಮ್ಮನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಸೇರಿಸಿದೆ. ಕೇಳುವ ಮನಸ್ಸಿದ್ದವರು ಅದರಿಂದಲೇ ಶುರುಮಾಡಿ, ಹಾಡಿನ ಸಾಹಿತ್ಯ ಮುಂದಿಟ್ಟುಕೊಂಡು ಕೇಳಿ. ಬರೀ ಗಿಟಾರ್ ಸಾಕು ಎನ್ನುವವರಿಗೆ ಆ ಕಾಲದ್ದೇ ಬೇರೆ ರಾಕ್ ಇದಕ್ಕಿಂತ ಚೆನ್ನಾಗಿದೆ.